ವರದಿಯ ಕೊನೆಯ ಸಾಲು



ಡೊಂಬಿವಲಿ ಪೂರ್ವದಲ್ಲಿ ನನ್ನದೊಂದು ಸಣ್ಣ ದವಾಖಾನೆ. ಸಂಜೆ ಏಳೂವರೆಯ ಮೇಲೆ ಅಲ್ಲಿ ಬೆಂಚು ಖಾಲಿ ಇರುವುದಿಲ್ಲ. ಲೋಕಲ್ ಇಳಿದವರು ಹೆಗಲ ಮೇಲಿನ ಬ್ಯಾಗನ್ನೂ ತೆಗೆಯದೆ ನೇರವಾಗಿ ಬಂದು ಕೂರುತ್ತಾರೆ. ಹೋದ ಮಳೆಗಾಲದ ಒಂದು ಸಂಜೆ ಹೀಗೆ ಕೂತವರಲ್ಲಿ ಕುಂದಾಪುರ ಕಡೆಯ ಒಬ್ಬರಿದ್ದರು. ವಯಸ್ಸು ನಲವತ್ತೇಳು, ಕಲ್ಯಾಣದಲ್ಲಿ ಹೋಟೆಲು. ಕೈಯಲ್ಲಿ ಸೋನೋಗ್ರಫಿಯ ಲಕೋಟೆ. ಅವರ ಗುರುತು ಸಿಗದಂತೆ ವಿವರಗಳನ್ನು ಸ್ವಲ್ಪ ಬದಲಿಸಿ ಹೇಳುತ್ತಿದ್ದೇನೆ.

"ಕಲ್ಲು ಉಂಟಂತೆ ಡಾಕ್ಟ್ರೇ. ಐದು ಎಂಎಂ. ನೀರು ಕುಡಿದ್ರೆ ಹೋಗ್ತದೆ ಅಂದ್ರು. ಬೇರೆ ಎಂಥದೂ ಇಲ್ಲ."

ವರದಿಯನ್ನು ಬಿಡಿಸಿ ಓದಿದೆ. ಮೂತ್ರಕಲ್ಲಿನ ವಿಚಾರ ಅವರು ಹೇಳಿದಂತೆಯೇ ಇತ್ತು. ಕೆಳಗೆ, ಕೊನೆಯ ಸಾಲಿನಲ್ಲಿ, ಗ್ರೇಡ್ ಒನ್ ಫ್ಯಾಟಿ ಲಿವರ್ ಎಂದಿತ್ತು.

"ಇದನ್ನು ಯಾರಾದರೂ ಹೇಳಿದರಾ?" ಅಂದೆ.

"ಅದು ಎಲ್ರಿಗೂ ಇರ್ತದಂತಲ್ಲ?"

ಇವತ್ತು ನಾನು ಮಾತಾಡಬೇಕೆಂದಿರುವುದು ಆ ಒಂದು ಸಾಲಿನ ಬಗ್ಗೆ. ಥಾಣೆಯಲ್ಲಿ, ಡೊಂಬಿವಲಿ, ಕಲ್ಯಾಣಗಳಲ್ಲಿ, ವಾಶಿ, ನೆರೂಳ್, ಐರೋಲಿಗಳಲ್ಲಿ ಎಷ್ಟು ಮನೆಗಳ ಕಪಾಟಿನಲ್ಲಿ ಈ ಸಾಲಿರುವ ವರದಿಗಳು ಮಡಚಿ ಕೂತಿವೆಯೋ. ಹೊಟ್ಟೆನೋವಿಗೆಂದು, ಕಲ್ಲಿಗೆಂದು, ಕಂಪನಿಯ ವಾರ್ಷಿಕ ತಪಾಸಣೆಗೆಂದು ಮಾಡಿಸಿದ ಸೋನೋಗ್ರಫಿಯಲ್ಲಿ ಕೇಳದೆಯೇ ಸಿಕ್ಕ ಮಾಹಿತಿ ಅದು. ಕೇಳದೆ ಸಿಕ್ಕಿದ್ದಕ್ಕೆ ಬೆಲೆ ಇಲ್ಲವೆಂದು ನಾವು ಬದಿಗಿಡುತ್ತೇವೆ.

ನಾನೂ ಇಟ್ಟಿದ್ದೆ. 2009ರಲ್ಲಿ ನನ್ನ ಅಣ್ಣನ ವರದಿಯಲ್ಲಿ ಇದೇ ಸಾಲಿತ್ತು. ಅವನು ಫೋನಿನಲ್ಲಿ ಓದಿ ಕೇಳಿದಾಗ, ವೈದ್ಯನಾದ ನಾನೇ, "ಬಿಡು ಅಣ್ಣ, ಅದೇನೂ ಅಲ್ಲ, ಸ್ವಲ್ಪ ಎಣ್ಣೆ ಕಡಿಮೆ ಮಾಡು" ಅಂದೆ. ಸಕ್ಕರೆ ನೋಡಿಸಲಿಲ್ಲ, ರಕ್ತದ ಕೊಬ್ಬು ನೋಡಿಸಲಿಲ್ಲ, ಸೊಂಟ ಅಳೆಯಲಿಲ್ಲ. ಏಳು ವರ್ಷದ ಮೇಲೆ ಒಂದು ಬೆಳಗ್ಗೆ ಅವನಿಗೆ ಹೃದಯಾಘಾತವಾಯಿತು. ಎರಡು ಸ್ಟೆಂಟ್ ಹಾಕಿದರು, ಉಳಿದುಕೊಂಡ. ಆಸ್ಪತ್ರೆಯಲ್ಲಿ ಅವನಿಗೆ ಸಕ್ಕರೆ ಕಾಯಿಲೆಯೂ ಇದೆಯೆಂದು ಗೊತ್ತಾಯಿತು. ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಆ ಫೋನು ನನ್ನ ಮನಸ್ಸಿನಿಂದ ಹೋಗಿಲ್ಲ. ಅಂದಿನಿಂದ ಯಾರ ವರದಿಯಲ್ಲೂ ಆ ಸಾಲನ್ನು ನಾನು ದಾಟಿ ಹೋಗಿಲ್ಲ.

ಲಿವರ್ ಅಂದರೆ ಯಕೃತ್ತು, ಪಿತ್ತಜನಕಾಂಗ. ಬಲಗಡೆ ಪಕ್ಕೆಲುಬಿನ ಅಡಿಯಲ್ಲಿ ಕೂತಿರುವ, ಸುಮಾರು ಒಂದೂವರೆ ಕಿಲೋ ತೂಗುವ ಅಂಗ. ನಾವು ಉಂಡದ್ದು ಕರುಳಿನಲ್ಲಿ ಜೀರ್ಣವಾಗಿ ರಕ್ತಕ್ಕೆ ಸೇರಿದ ಮೇಲೆ ಅದರ ಬಹುಪಾಲು ಮೊದಲು ಬರುವುದೇ ಇಲ್ಲಿಗೆ. ವಾಶಿಯ ಎಪಿಎಂಸಿ ಮಾರುಕಟ್ಟೆಗೆ ನಾಸಿಕದ ಈರುಳ್ಳಿ, ಕೊಂಕಣದ ಮಾವು ಎಲ್ಲವೂ ಬಂದಿಳಿದು ಅಲ್ಲಿಂದ ಊರಿಗೆಲ್ಲ ಹಂಚಿಕೆಯಾಗುವ ಹಾಗೆ. ಇಷ್ಟು ಸಕ್ಕರೆ ಈಗ ಬೇಕು, ಇಷ್ಟನ್ನು ಕೂಡಿಡಬೇಕು, ಇಷ್ಟನ್ನು ಕೊಬ್ಬಾಗಿ ಮಾಡಿ ಕಳಿಸಬೇಕು ಎಂಬ ಲೆಕ್ಕವೆಲ್ಲ ಇದರದು. ಈ ಲೆಕ್ಕಾಚಾರಕ್ಕೆ ಪುಸ್ತಕದಲ್ಲಿ ಚಯಾಪಚಯ ಎನ್ನುತ್ತಾರೆ, ಡಾಕ್ಟರುಗಳು ಮೆಟಬಾಲಿಸಮ್ ಎನ್ನುತ್ತೇವೆ. ಲೆಕ್ಕ ಬರೆಯುವ ಗುಮಾಸ್ತನೇ ಕಾಯಿಲೆ ಬಿದ್ದರೆ ಪೇಟೆಯೆಲ್ಲ ಅಸ್ತವ್ಯಸ್ತವಾಗುತ್ತದೆ. ಫ್ಯಾಟಿ ಲಿವರ್ ಲಿವರಿನಲ್ಲೇ ಮುಗಿಯದೆ ಹೃದಯದವರೆಗೆ ಹೋಗುವುದು ಹೀಗೆ.

ಲಿವರಿನ ಜೀವಕೋಶಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಕೋಶಗಳು ಕೊಬ್ಬಿನ ಹನಿ ತುಂಬಿಕೊಂಡರೆ ಅದನ್ನು ಫ್ಯಾಟಿ ಲಿವರ್ ಎನ್ನುತ್ತೇವೆ. ಈ ಕೊಬ್ಬು ಎಲ್ಲಿಂದ ಬಂತು? ಎಣ್ಣೆ ತಿಂದದ್ದು ಅಲ್ಲಿ ಹೋಗಿ ಕೂತಿತು ಎಂದು ಹೆಚ್ಚಿನವರು ತಿಳಿಯುತ್ತಾರೆ, ನಾನು ಅಣ್ಣನಿಗೆ ಹೇಳಿದ್ದೂ ಅದನ್ನೇ. ಕೊಬ್ಬಿನ ಮೂಲ ಪತ್ತೆಮಾಡಲು ಅಮೆರಿಕದ ಸಂಶೋಧಕರು ಗುರುತು ಹಚ್ಚಿದ ಅಣುಗಳನ್ನು ಬಳಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರಲ್ಲಿ ಲಿವರಿನ ಕೊಬ್ಬಿನಲ್ಲಿ ನೂರಕ್ಕೆ ಸುಮಾರು 59 ಪಾಲು ಬಂದದ್ದು ದೇಹದಲ್ಲಿ ಮೊದಲೇ ಕೂಡಿಟ್ಟಿದ್ದ ಕೊಬ್ಬು ಕರಗಿ ಹರಿದು. 26 ಪಾಲನ್ನು ಸಕ್ಕರೆ ಮತ್ತು ಪಿಷ್ಟದಿಂದ ಲಿವರ್ ತಾನೇ ತಯಾರಿಸಿತ್ತು. ಊಟದ ಕೊಬ್ಬಿನಿಂದ ನೇರವಾಗಿ ಬಂದದ್ದು 15 ಪಾಲು ಮಾತ್ರ.

ಹಳೆಯ ಮನೆಗಳಲ್ಲಿ ಅಟ್ಟ ಇರುತ್ತಿತ್ತು, ನಿಮಗೆ ನೆನಪಿರಬಹುದು. ವರ್ಷದ ಅಕ್ಕಿ, ತೆಂಗಿನಕಾಯಿ, ಹಳೆ ಪಾತ್ರೆ ಎಲ್ಲ ಅಟ್ಟಕ್ಕೆ. ಚರ್ಮದ ಅಡಿಯ ಕೊಬ್ಬು ನಮ್ಮ ದೇಹದ ಅಟ್ಟ. ತೊಡೆಯಲ್ಲಿ, ಪೃಷ್ಠದಲ್ಲಿ ಕೂತ ಕೊಬ್ಬು ಒಂದು ಮಟ್ಟಿಗೆ ಸುರಕ್ಷಿತ. ಅಟ್ಟ ತುಂಬಿದ ಮೇಲೂ ಸಾಮಾನು ಬರುತ್ತಲೇ ಇದ್ದರೆ ಏನಾಗುತ್ತದೆ? ಅಡುಗೆಮನೆಯಲ್ಲಿ, ದೇವರ ಕೋಣೆಯಲ್ಲಿ, ಓಡಾಡುವ ಜಾಗದಲ್ಲಿ ಪೇರಿಸಬೇಕಾಗುತ್ತದೆ. ಹಾಗೆ ಕೊಬ್ಬು ಹೊಟ್ಟೆಯೊಳಗೆ, ಲಿವರಿಗೆ, ಮೇದೋಜೀರಕ ಗ್ರಂಥಿಗೆ ತುಂಬಿಕೊಳ್ಳುತ್ತದೆ.

ನಮ್ಮ ಜನರ ಅಟ್ಟ ಚಿಕ್ಕದು. ಇದನ್ನು ಲೋಕಕ್ಕೆ ತೋರಿಸಿಕೊಟ್ಟವರು ದೂರದವರಲ್ಲ, ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರದೊಂದು ಛಾಯಾಚಿತ್ರ ಪ್ರಕಟವಾಯಿತು. ಪಕ್ಕದಲ್ಲಿ ಲಂಡನ್ನಿನ ಗೆಳೆಯ ಡಾ. ಜಾನ್ ಯುಡ್ಕಿನ್. ಇಬ್ಬರೂ ಸಪೂರ. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತೂಕದ ಲೆಕ್ಕ, ಒಂದೇ: 22.3. ಆದರೆ ಕೊಬ್ಬನ್ನು ಅಳೆದಾಗ ಯುಡ್ಕಿನ್ ಮೈಯಲ್ಲಿ ಶೇಕಡಾ 9.1, ಯಾಜ್ಞಿಕ್ ಮೈಯಲ್ಲಿ ಶೇಕಡಾ 21.2. ತೂಕದ ಯಂತ್ರಕ್ಕೆ ಇಬ್ಬರೂ ಒಂದೇ, ಒಳಗೆ ಎರಡು ಬೇರೆ ದೇಹಗಳು. ಪುಣೆ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳನ್ನೂ ಅವರ ತಂಡ ತೂಗಿ ಅಳೆದಿತ್ತು. ಸರಾಸರಿ ತೂಕ 2.7 ಕಿಲೋ. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ಹುಟ್ಟಿದ ಮಕ್ಕಳದು 3.5 ಕಿಲೋ. ನಮ್ಮ ಮಕ್ಕಳು ಸ್ನಾಯುವಿನಲ್ಲಿ ಬಡವರು, ಬೆನ್ನಿನ ಕೊಬ್ಬಿನಲ್ಲಿ ಮಾತ್ರ ಅಷ್ಟೊಂದು ಹಿಂದಿಲ್ಲ. ಹುಟ್ಟುವಾಗಲೇ ಹೀಗೆ. ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಬಡ ಹಳ್ಳಿಗರನ್ನು ಪರೀಕ್ಷಿಸಿ 2010ರಲ್ಲಿ ಕೋಲ್ಕತ್ತಾದ ವೈದ್ಯರು ವರದಿ ಮಾಡಿದಾಗ, ನೂರರಲ್ಲಿ ಸುಮಾರು ಒಂಬತ್ತು ಮಂದಿಗೆ ಫ್ಯಾಟಿ ಲಿವರ್ ಇತ್ತು. ಅವರಲ್ಲಿ ಮುಕ್ಕಾಲು ಪಾಲು ಜನರ ಬಿಎಂಐ 25ಕ್ಕಿಂತ ಕಡಿಮೆ.

ಹಾಗಾದರೆ ದಪ್ಪಗಿರುವವರೆಲ್ಲ ರೋಗಿಗಳೇ, ತೆಳ್ಳಗಿರುವವರೆಲ್ಲ ಆರೋಗ್ಯವಂತರೇ ಎಂದು ಕೇಳಿದರೆ ಎರಡಕ್ಕೂ ಉತ್ತರ ಅಲ್ಲ. ನೂರು ಕಿಲೋ ತೂಗಿದರೂ ಸಕ್ಕರೆ, ರಕ್ತದೊತ್ತಡ ಸರಿಯಿರುವವರನ್ನು ನಾನು ನೋಡಿದ್ದೇನೆ. ಎಪ್ಪತ್ತು ಕಿಲೋಗೆ ಎಲ್ಲವೂ ಕೆಟ್ಟವರನ್ನೂ ನೋಡಿದ್ದೇನೆ. ಈ ವ್ಯತ್ಯಾಸವನ್ನು ಹುಡುಕುತ್ತ ಅಮೆರಿಕದ ಸೇಂಟ್ ಲೂಯಿಸ್ ನಗರದ ಸಂಶೋಧಕರು 2009ರಲ್ಲಿ ಬಹಳ ಅಚ್ಚುಕಟ್ಟಾದ ಒಂದು ಹೋಲಿಕೆ ಮಾಡಿದರು. ಬೊಜ್ಜಿದ್ದವರನ್ನೇ ಆರಿಸಿ, ಹೊಟ್ಟೆಯೊಳಗಿನ ಕೊಬ್ಬು ಸಮನಾಗಿದ್ದು ಲಿವರಿನ ಕೊಬ್ಬು ಬೇರೆಬೇರೆ ಇದ್ದವರನ್ನು ಎದುರುಬದುರು ಇಟ್ಟರು. ಲಿವರಿನಲ್ಲಿ ಕೊಬ್ಬು ಹೆಚ್ಚಿದ್ದವರಲ್ಲೇ ಇನ್ಸುಲಿನ್ ಮಾತು ನಡೆಯುತ್ತಿರಲಿಲ್ಲ. ಆಮೇಲೆ ಲಿವರಿನ ಕೊಬ್ಬು ಸಮನಾಗಿದ್ದು ಹೊಟ್ಟೆಯ ಕೊಬ್ಬು ಬೇರೆ ಇದ್ದವರನ್ನು ಹೋಲಿಸಿದರು. ವ್ಯತ್ಯಾಸವೇ ಸಿಗಲಿಲ್ಲ. ಬೊಜ್ಜಿನ ಕೇಡು ಎಷ್ಟೆಂದು ತಿಳಿಯಬೇಕಾದರೆ ತಕ್ಕಡಿಗಿಂತ ಲಿವರನ್ನು ಕೇಳಬೇಕು ಎಂದು ನಾನು ಇದರಿಂದ ಅರ್ಥಮಾಡಿಕೊಂಡೆ.

ದವಾಖಾನೆಯಲ್ಲಿ ಪದೇ ಪದೇ ಬರುವ ಒಂದು ಪ್ರಶ್ನೆಯಿದೆ. ಕಲ್ಯಾಣದಲ್ಲಿರುವ, ವಿಜಯಪುರ ಕಡೆಯ ಒಬ್ಬ ತಾಯಿ ಅದನ್ನು ಕೇಳಿದ ರೀತಿ ಇನ್ನೂ ಕಿವಿಯಲ್ಲಿದೆ. "ಅಲ್ರೀ ಡಾಕ್ಟ್ರ, ರಾತ್ರಿ ಒಂದ ಭಕ್ರಿ ತಿಂದು ಮಲಗೀನಿ. ಮುಂಜಾನೆ ತನಕ ನೀರು ಬಿಟ್ರ ಏನೂ ಇಲ್ಲ. ಮತ್ತ ಮುಂಜಾನೆ ಸಕ್ಕರಿ ನೂರಾ ಮೂವತ್ತು ಹೆಂಗ ಬಂತ್ರೀ?" ಬಹಳ ಸರಿಯಾದ ಪ್ರಶ್ನೆ. ಆ ಸಕ್ಕರೆಯನ್ನು ಕೊಟ್ಟದ್ದು ಅವರ ಲಿವರು. ನಾವು ಮಲಗಿದಾಗ ಮೆದುಳಿಗೆ ಬೇಕಾದ ಸಕ್ಕರೆಯನ್ನು ಲಿವರು ರಾತ್ರಿಯೆಲ್ಲ ಸ್ವಲ್ಪಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತಿರುತ್ತದೆ. ಸಾಕು, ನಿಲ್ಲಿಸು ಎಂದು ಹೇಳುವುದು ಇನ್ಸುಲಿನ್. ಕೊಬ್ಬು ತುಂಬಿದ ಲಿವರಿಗೆ ಆ ಮಾತು ಸರಿಯಾಗಿ ಕೇಳಿಸುವುದಿಲ್ಲ. ನಿಲ್ಲಿಸುವುದೇ ಇಲ್ಲ. ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಯುತ್ತದೆ. ಆ ಹೆಚ್ಚಾದ ಇನ್ಸುಲಿನ್ ಲಿವರಿನಲ್ಲಿ ಕೊಬ್ಬು ತಯಾರಿಸುವ ಕೆಲಸವನ್ನು ಮಾತ್ರ ಇನ್ನೂ ಜೋರು ಮಾಡುತ್ತದೆ. ಕೊಬ್ಬು ಹೆಚ್ಚಿ ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಬರುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಆದ ಎಚ್‌ಡಿಎಲ್ ಇಳಿಯುತ್ತದೆ, ರಕ್ತನಾಳಗಳ ಗೋಡೆ ಕೆಡುತ್ತದೆ. ಫ್ಯಾಟಿ ಲಿವರ್ ಇರುವವರಲ್ಲಿ ಸಾವಿಗೆ ಮೊದಲ ಕಾರಣ ಲಿವರಿನ ಕಾಯಿಲೆಯಲ್ಲ, ಹೃದಯದ ಕಾಯಿಲೆ. ಅಣ್ಣನ ಎದೆನೋವಿನ ಬೇರು ಎಲ್ಲಿತ್ತೆಂದು ಈಗ ನಿಮಗೂ ಗೊತ್ತಾಯಿತು.

ಇನ್ನೊಂದು ಮಾತನ್ನು ಮನೆಯವರೆಲ್ಲ ಕೇಳಬೇಕು. ಲಿವರ್ ಕೆಟ್ಟಿದೆ ಅಂದ ತಕ್ಷಣ ಕುಡಿತದ ಸಂಶಯ ಬರುತ್ತದೆ. ನೆರೂಳಿನ ಒಬ್ಬ ಗೃಹಿಣಿ ವರದಿಯನ್ನು ಅತ್ತೆಗೆ ತೋರಿಸದೆ ಒಂದು ವರ್ಷ ಮುಚ್ಚಿಟ್ಟಿದ್ದರು. ಜೀವನದಲ್ಲಿ ಒಂದು ಹನಿ ಮುಟ್ಟದವರು. ಈ ಸಂಶಯ ಹಳೆಯದು. ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾ. ಯುರ್ಗೆನ್ ಲುಡ್ವಿಗ್ 1980ರಲ್ಲಿ, ಕುಡಿಯದಿದ್ದರೂ ಕುಡುಕರಂಥ ಲಿವರ್ ಇದ್ದ 20 ರೋಗಿಗಳ ವಿವರ ಬರೆದು ಈ ಕಾಯಿಲೆಗೆ ಮೊದಲ ಬಾರಿಗೆ ಒಂದು ಹೆಸರು ಕೊಟ್ಟರು. ಆದರೆ 'ಮದ್ಯದಿಂದಲ್ಲದ' ಎಂಬ ಆ ಹೆಸರಿನಲ್ಲೂ ಮದ್ಯ ಉಳಿದೇಬಿಟ್ಟಿತು. 2023ರ ಜೂನ್‌ನಲ್ಲಿ ಜಗತ್ತಿನ ಲಿವರ್ ತಜ್ಞರ ಸಂಘಗಳು ಸೇರಿ ಹೆಸರನ್ನೇ ಬದಲಿಸಿದವು. ಈಗ ಅದು ಚಯಾಪಚಯದ ಏರುಪೇರಿಗೆ ಸೇರಿದ ಕೊಬ್ಬಿನ ಲಿವರ್ ಕಾಯಿಲೆ, ವರದಿಗಳಲ್ಲಿ ಎಂಎಎಸ್‌ಎಲ್‌ಡಿ. ಈ ಹೆಸರಿನಲ್ಲೇ ಕಾರಣವಿದೆ. ಸೊಂಟ ಅಥವಾ ತೂಕ, ಸಕ್ಕರೆ, ರಕ್ತದೊತ್ತಡ, ಟ್ರೈಗ್ಲಿಸರೈಡ್, ಎಚ್‌ಡಿಎಲ್ ಈ ಐದರಲ್ಲಿ ಒಂದಾದರೂ ಕೆಟ್ಟಿದ್ದು, ಜೊತೆಗೆ ಲಿವರಿನಲ್ಲಿ ಕೊಬ್ಬಿದ್ದರೆ ಈ ಹೆಸರು ಸಲ್ಲುತ್ತದೆ. ಕುಡಿಯುವವರಿಗೆ ಮಾತ್ರ ಒಂದು ಮಾತು: ಕೊಬ್ಬು ತುಂಬಿದ ಲಿವರಿನ ಮೇಲೆ ಮದ್ಯ ಬಿದ್ದರೆ ಎರಡು ಬೆಂಕಿ ಒಟ್ಟಿಗೆ ಉರಿಯುತ್ತವೆ. ಬಿಡಿ.

ಕುಂದಾಪುರದವರಿಗೆ ಹಿಂತಿರುಗುತ್ತೇನೆ. ಟೇಪು ತೆಗೆದು ನಿಲ್ಲಲು ಹೇಳಿದೆ. "ಪ್ಯಾಂಟು ಮೂವತ್ತಾರು ಡಾಕ್ಟ್ರೇ" ಅಂದರು. ಪ್ಯಾಂಟಿನ ಅಳತೆ ಹೊಟ್ಟೆಯದಲ್ಲ. ಹೊಟ್ಟೆ ಬಂದವರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ, ಅಳತೆ ಹತ್ತು ವರ್ಷವಾದರೂ ಬದಲಾಗುವುದಿಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ತುದಿಗೂ ನಡುವೆ, ಉಸಿರು ಬಿಟ್ಟಾಗ, ಹೊಟ್ಟೆ ಎಳೆದುಕೊಳ್ಳದೆ ಅಳೆಯಬೇಕು. ಬಂದದ್ದು 102 ಸೆಂಟಿಮೀಟರ್, ಹೆಚ್ಚುಕಡಿಮೆ ನಲವತ್ತಿಂಚು. ನಮ್ಮ ಜನರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ರಕ್ತಪರೀಕ್ಷೆಗೆ ಬರೆದುಕೊಟ್ಟೆ. ಬೆಳಗಿನ ಸಕ್ಕರೆ 112 ಬಂತು, 100ರ ಒಳಗಿರಬೇಕಾದದ್ದು. ಟ್ರೈಗ್ಲಿಸರೈಡ್ 238, 150ರ ಒಳಗಿರಬೇಕಾದದ್ದು. ಎಚ್‌ಡಿಎಲ್ 36. ರಕ್ತದೊತ್ತಡ 138ಕ್ಕೆ 88. ಐದಕ್ಕೆ ಐದೂ ಕೆಟ್ಟಿದ್ದವು. ಬೇರೆ ಎಂಥದೂ ಇಲ್ಲ ಎಂದು ನಂಬಿದ್ದ ಮನುಷ್ಯನಿಗೆ ಹೇಳುವಾಗ ನನಗೂ ಕಷ್ಟವಾಯಿತು.

ಅವರ ದಿನಚರಿ ಕೇಳಿದೆ. ಹದಿನೈದನೇ ವಯಸ್ಸಿಗೆ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ಮೇಜು ಒರೆಸಿ, ಸಂಜೆ ರಾತ್ರಿಶಾಲೆಯಲ್ಲಿ ಓದಿದವರು. ಕರಾವಳಿಯ ಎಷ್ಟೋ ಮಂದಿ ಮುಂಬಯಿಯಲ್ಲಿ ಬೆಳೆದದ್ದೇ ಹಾಗೆ. ಆಗ ದಿನಕ್ಕೆ ಹದಿನಾಲ್ಕು ಗಂಟೆ ಕಾಲ ಮೇಲೆ ನಿಂತವರು ಈಗ ಹದಿನಾಲ್ಕು ಗಂಟೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾರೆ. ಬೆಳಗ್ಗೆ ಆರಕ್ಕೆ ಹೋಟೆಲಿನ ಮೊದಲ ಚಹಾ. ಆಮೇಲೆ ಬಂದವರ ಜೊತೆಗೆಲ್ಲ ಒಂದೊಂದು ಕಟಿಂಗು. ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ದಿನಕ್ಕೆ ಆರು ಲೋಟದಷ್ಟು, ಲೋಟಕ್ಕೆ ಎರಡು ಚಮಚ, ಚಮಚಕ್ಕೆ ಐದು ಗ್ರಾಂ ಹಿಡಿದರೆ ದಿನಕ್ಕೆ 60 ಗ್ರಾಂ ಸಕ್ಕರೆ. ತಿಂಗಳಿಗೆ 1.8 ಕಿಲೋ, ಚಹಾ ಒಂದರಿಂದಲೇ. ಮೇಲಿಂದ ಸೇರಿಸುವ ಸಕ್ಕರೆ ದಿನಕ್ಕೆ 50 ಗ್ರಾಂ ಮೀರಬಾರದು, ಸಾಧ್ಯವಾದರೆ 25 ಗ್ರಾಂನಲ್ಲಿ ನಿಲ್ಲಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ರಾತ್ರಿ ಊಟ ಹೋಟೆಲು ಮುಚ್ಚಿದ ಮೇಲೆ, ಹನ್ನೊಂದೂವರೆಗೆ. ಊಟದ ಹಿಂದೆಯೇ ಹಾಸಿಗೆ.

ಹೀಗಿರುವುದು ಹೋಟೆಲಿನವರ ದಿನಚರಿ ಮಾತ್ರವಲ್ಲ. 1853ರಲ್ಲಿ ಬೋರಿಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿದಾಗಿನಿಂದ ಈ ಊರುಗಳ ಊಟ ನಿದ್ದೆಗಳನ್ನು ಗಡಿಯಾರಕ್ಕಿಂತ ಹೆಚ್ಚಾಗಿ ರೈಲೇ ನಡೆಸಿಕೊಂಡು ಬಂದಿದೆ. ಕಲ್ಯಾಣದಿಂದ ಸಿಎಸ್‌ಎಂಟಿಗೆ ಸುಮಾರು 54 ಕಿಲೋಮೀಟರ್. ಫಾಸ್ಟ್ ಲೋಕಲ್ಲಿಗೂ ಒಂದು ಗಂಟೆಯ ಮೇಲೆ. ಬೆಳಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟುವ ಹೆಂಗಸು, ರಾತ್ರಿ ಹತ್ತಕ್ಕೆ ಮನೆ ಸೇರುವ ಗಂಡಸು, ಇಬ್ಬರಿಗೂ ನಿದ್ದೆ ಐದೂವರೆ ತಾಸು. ನಿದ್ದೆಗೆಟ್ಟ ದೇಹದಲ್ಲಿ ಇನ್ಸುಲಿನ್ನಿನ ಮಾತು ಇನ್ನೂ ಕಡಿಮೆ ನಡೆಯುತ್ತದೆ. ಸ್ಟೇಷನ್ನಿನ ಹೊರಗೆ ಸಂಜೆ ಏಳಕ್ಕೆ ಹಸಿದ ಹೊಟ್ಟೆಗೆ ವಡಾಪಾವ್, ಮನೆಯಲ್ಲಿ ಮತ್ತೆ ಅನ್ನ. ಐರೋಲಿ, ಮಹಾಪೆಗಳ ಕಂಪ್ಯೂಟರ್ ಕಂಪನಿಗಳ ಮಕ್ಕಳ ಕತೆ ಬೇರೆ ರೀತಿ, ಫಲ ಒಂದೇ. ಹೈದರಾಬಾದಿನ 345 ಮಂದಿ ಐಟಿ ನೌಕರರನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 84 ಮಂದಿಯ ಲಿವರಿನಲ್ಲಿ ಕೊಬ್ಬು ಹೆಚ್ಚಿತ್ತು. ದೇಶದ ಬೇರೆಬೇರೆ ಅಧ್ಯಯನಗಳನ್ನು ಒಟ್ಟುಗೂಡಿಸಿ ದೆಹಲಿಯ ಏಮ್ಸ್ ವೈದ್ಯರು 2022ರಲ್ಲಿ ಲೆಕ್ಕ ಹಾಕಿದಾಗ ವಯಸ್ಕರಲ್ಲಿ ಸುಮಾರು 38 ಪ್ರತಿಶತ ಬಂತು. ಎಲ್ಲರಿಗೂ ಇರುತ್ತದೆ ಎಂಬ ಮಾತು ಇಲ್ಲಿಂದ ಹುಟ್ಟಿದ್ದು. ಬಹಳ ಮಂದಿಗೆ ಇದೆಯೆಂಬುದು ನಿಜ. ಅದರಿಂದ ಅದು ಸಣ್ಣದಾಗುವುದಿಲ್ಲ.

ಪರೀಕ್ಷೆಗಳ ಬಗ್ಗೆ ಎರಡು ತಪ್ಪು ತಿಳುವಳಿಕೆಗಳಿವೆ. ಲಿವರಿನ ರಕ್ತಪರೀಕ್ಷೆಯಾದ ಎಸ್‌ಜಿಪಿಟಿ ನಾರ್ಮಲ್ ಬಂತು, ಹಾಗಾಗಿ ಲಿವರ್ ಸರಿಯಿದೆ ಎನ್ನುವುದು ಒಂದು. ಕೊಬ್ಬಿದ್ದೂ ಅದು ನಾರ್ಮಲ್ ಇರಬಹುದು. ಗ್ರೇಡ್ ಒನ್ ಅಂದರೆ ಕಡಿಮೆ ಅಪಾಯ, ಗ್ರೇಡ್ ತ್ರೀ ಅಂದರೆ ಹೆಚ್ಚು ಎನ್ನುವುದು ಇನ್ನೊಂದು. ಗ್ರೇಡು ಕೊಬ್ಬು ಎಷ್ಟಿದೆಯೆಂದು ಹೇಳುತ್ತದೆ, ಲಿವರಿನಲ್ಲಿ ಗಾಯ ಕಟ್ಟಿ ಗಟ್ಟಿಯಾಗಿದೆಯೇ ಎಂದು ಹೇಳುವುದಿಲ್ಲ. ನಿಜವಾದ ಅಪಾಯ ಆ ಗಟ್ಟಿತನದಲ್ಲಿದೆ, ಫೈಬ್ರೋಸಿಸ್ ಎನ್ನುತ್ತೇವೆ. ಅದು ಮುಂದುವರಿದರೆ ಸಿರೋಸಿಸ್. ಫ್ಯಾಟಿ ಲಿವರ್ ಇರುವ ಹೆಚ್ಚಿನವರು ಅಲ್ಲಿಯವರೆಗೆ ಹೋಗುವುದಿಲ್ಲ, ಹೆದರಬೇಡಿ. ಆದರೆ ಯಾರು ಹೋಗುತ್ತಾರೆಂದು ತಿಳಿಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ, ಕಾಗದದ ಮೇಲೆಯೇ ಒಂದು ಅಂದಾಜು ಸಿಗುತ್ತದೆ. ಫಿಬ್-ಫೋರ್ ಎಂದು ಅದರ ಹೆಸರು. ವಯಸ್ಸನ್ನು ಲಿವರಿನ ಇನ್ನೊಂದು ರಕ್ತಪರೀಕ್ಷೆಯಾದ ಎಸ್‌ಜಿಓಟಿಯಿಂದ ಗುಣಿಸಿ, ಸಾವಿರದ ಲೆಕ್ಕದಲ್ಲಿರುವ ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಬೇಕು. ನಮ್ಮ ಹೋಟೆಲಿನವರಿಗೆ 47 ವರ್ಷ, ಎಸ್‌ಜಿಓಟಿ 38, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 210 ಸಾವಿರ. ಬಂದದ್ದು 1.06. 1.3ರ ಒಳಗಿದ್ದರೆ ಗಟ್ಟಿತನದ ಸಾಧ್ಯತೆ ಕಡಿಮೆ. ಮೀರಿದರೆ ಗಟ್ಟಿತನವನ್ನು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಬೇಕು, ಸೂಜಿಯಿಲ್ಲ, ನೋವಿಲ್ಲ, ಹತ್ತು ನಿಮಿಷದ ಕೆಲಸ. ಅರವತ್ತೈದು ದಾಟಿದವರಿಗೆ ಗಡಿ ಬೇರೆ, ಅದನ್ನು ನಿಮ್ಮ ವೈದ್ಯರು ನೋಡಿಕೊಳ್ಳುತ್ತಾರೆ.

ಇಷ್ಟೆಲ್ಲ ಹೇಳಿದ್ದರಲ್ಲಿ ಒಳ್ಳೆಯ ಸುದ್ದಿ ಎಲ್ಲಿದೆ? ಲಿವರಿನಲ್ಲೇ ಇದೆ. ಕೊನೆಗೆ ತುಂಬಿದ್ದು ಮೊದಲು ಖಾಲಿಯಾಗುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಪ್ರೊ. ರಾಯ್ ಟೇಲರ್ ಅವರ ತಂಡ 2011ರಲ್ಲಿ ಸಕ್ಕರೆ ಕಾಯಿಲೆಯ 11 ಮಂದಿಗೆ ಎಂಟು ವಾರ ದಿನಕ್ಕೆ ಸುಮಾರು 600 ಕ್ಯಾಲೊರಿಯ ಆಹಾರ ಕೊಟ್ಟು ಪರೀಕ್ಷಿಸಿತು. ಏಳೇ ದಿನದಲ್ಲಿ ಲಿವರಿನ ಕೊಬ್ಬು ಮೂರನೇ ಒಂದು ಪಾಲಿನಷ್ಟು ಇಳಿದು, ಬೆಳಗಿನ ಸಕ್ಕರೆ ಸಹಜ ಮಟ್ಟಕ್ಕೆ ಬಂದಿತ್ತು. ಏಳು ದಿನ! ದಯವಿಟ್ಟು ಇದನ್ನು ಕೇಳಿ ಯಾರೂ ಮನೆಯಲ್ಲಿ 600 ಕ್ಯಾಲೊರಿಯ ಉಪವಾಸಕ್ಕೆ ಕೂರಬೇಡಿ, ಅದು ವೈದ್ಯರ ಕಣ್ಣೆದುರು ನಡೆದ ಪ್ರಯೋಗ. ಆದರೆ ದೇಹ ಎಷ್ಟು ಬೇಗ ಸ್ಪಂದಿಸುತ್ತದೆಂದು ನೋಡಿ. ಕ್ಯೂಬಾದಲ್ಲಿ 293 ರೋಗಿಗಳನ್ನು ಒಂದು ವರ್ಷ ಗಮನಿಸಿ 2015ರಲ್ಲಿ ಬರೆದ ಅಧ್ಯಯನದಲ್ಲಿ, ತೂಕವನ್ನು ನೂರಕ್ಕೆ ಹತ್ತು ಪಾಲು ಇಳಿಸಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯ ಲಿವರಿನ ಉರಿಯೂತ ಮಾಯವಾಗಿತ್ತು. ಐದು ಪಾಲು ಇಳಿದರೂ ಕೊಬ್ಬು ಕರಗತೊಡಗುತ್ತದೆ. 84 ಕಿಲೋ ಇದ್ದವರಿಗೆ ಅದು ನಾಲ್ಕು ಕಿಲೋ ಚಿಲ್ಲರೆ.

ಹೋಟೆಲಿನವರಿಗೆ ನಾನು ಮಾಡಿಸಿದ ಬದಲಾವಣೆ ದೊಡ್ಡದೇನೂ ಅಲ್ಲ. ಚಹಾ ಎರಡಕ್ಕೆ ಇಳಿಯಿತು. ಸಕ್ಕರೆಯಿಲ್ಲದ ಕಾಫಿ ಬೇಕಾದರೆ ಎರಡು ಲೋಟ ಕುಡಿಯಿರಿ ಎಂದೆ, ಕಾಫಿ ಲಿವರಿಗೆ ಒಳ್ಳೆಯದೆಂದು ಬಹಳ ಅಧ್ಯಯನಗಳು ತೋರಿಸಿವೆ. ಮನೆಯಿಂದ ಡಬ್ಬಿ ತರಿಸಿ ರಾತ್ರಿ ಎಂಟಕ್ಕೇ ಗಲ್ಲಾಪೆಟ್ಟಿಗೆಯ ಹಿಂದೆ ಊಟ. ಅನ್ನ ಅರ್ಧವಾಯಿತು, ಆ ಜಾಗಕ್ಕೆ ಹೆಸರುಕಾಳು, ಬಸಳೆ, ತವಾದ ಮೇಲೆ ಎಣ್ಣೆ ಸವರಿ ಕಾಯಿಸಿದ ಬಂಗುಡೆ ಬಂದವು. ಘಟ್ಟದ ಮೇಲಿನವರಾದರೆ ಜೋಳದ ಭಕ್ರಿ, ಪುಂಡಿ ಪಲ್ಯ, ಮಡಿಕೆಕಾಳು ಎನ್ನುತ್ತಿದ್ದೆ. ನಮ್ಮ ಅಡುಗೆಯೇನೂ ಕೆಟ್ಟದಲ್ಲ, ತಟ್ಟೆಯಲ್ಲಿ ಅದರ ಪಾಲು ಹಂಚಿಕೆ ಕೆಟ್ಟಿದೆ. ಹಣ್ಣಿನ ರಸ ಬಿಟ್ಟು ಹಣ್ಣು ತಿನ್ನಲು ಹೇಳಿದೆ. ದಿನಕ್ಕೆ ನಲವತ್ತು ನಿಮಿಷ ಬಿರುಸಿನ ನಡಿಗೆ. ಥಾಣೆಯವರಿಗೆ ತಲಾವ್‌ಪಾಳಿಯಿದೆ, ನೆರೂಳಿನವರಿಗೆ ಜ್ಯುವೆಲ್ ಆಫ್ ನವಿ ಮುಂಬಯಿಯ ಕೆರೆಯಂಚಿದೆ, ಡೊಂಬಿವಲಿಯವರಿಗೆ ಘರ್ಡಾ ಸರ್ಕಲ್ ಬಳಿಯ ಕ್ರೀಡಾಸಂಕುಲ. ಜೊತೆಗೆ ವಾರಕ್ಕೆರಡು ಸಲ ಬಸ್ಕಿ, ದಂಡ. ತಿಂದ ಸಕ್ಕರೆಯನ್ನು ಹೀರಿಕೊಳ್ಳುವುದು ಸ್ನಾಯು, ನಮ್ಮಲ್ಲಿ ಹುಟ್ಟಿನಿಂದಲೇ ಅದು ಕಡಿಮೆ.

ಏಳು ತಿಂಗಳಾದ ಮೇಲೆ ಅವರು ಬಂದಾಗ ತೂಕ 77.5 ಕಿಲೋ, ಸೊಂಟ 95, ಬೆಳಗಿನ ಸಕ್ಕರೆ 98. ಗುರಿ ಇನ್ನೂ ಇದೆ. ಕಲ್ಲು ಯಾವಾಗ ಬಿದ್ದುಹೋಯಿತೋ ಅವರಿಗೇ ನೆನಪಿರಲಿಲ್ಲ.

ಔಷಧದ ಬಗ್ಗೆ ಕಡಿಮೆ ಹೇಳುತ್ತೇನೆ. ಹೊಸ ಚುಚ್ಚುಮದ್ದುಗಳು ಬಂದಿವೆ. ಸೆಮಾಗ್ಲುಟೈಡ್‌ಗೆ 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ, ಲಿವರ್ ಗಟ್ಟಿಯಾಗತೊಡಗಿದವರಿಗಾಗಿ ಒಪ್ಪಿಗೆ ಸಿಕ್ಕಿದೆ. ಅದು ತಜ್ಞರು ತೀರ್ಮಾನಿಸಬೇಕಾದ ವಿಷಯ. ಕೊಲೆಸ್ಟ್ರಾಲಿನ ಸ್ಟ್ಯಾಟಿನ್ ಮಾತ್ರೆಯನ್ನು ಲಿವರಿಗೆ ಹೆದರಿ ತಾವೇ ನಿಲ್ಲಿಸುವವರಿದ್ದಾರೆ, ಹಾಗೆ ಮಾಡಬೇಡಿ. ಫ್ಯಾಟಿ ಲಿವರ್ ಇರುವವರಿಗೆ ಹೃದಯ ಕಾಯುವ ಮಾತ್ರೆ ಅದು. ಲಿವರ್ ತೊಳೆಯುವ ಪುಡಿ, ಕಷಾಯಗಳ ಬಗ್ಗೆ ಎಚ್ಚರವಿರಲಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ದಿನವೂ ಸೇವಿಸಿ ಲಿವರಿಗೆ ಏಟು ಮಾಡಿಕೊಂಡ ಆರು ರೋಗಿಗಳ ವಿವರವನ್ನು ಮುಂಬಯಿಯ ವೈದ್ಯರೇ 2021ರಲ್ಲಿ ಪ್ರಕಟಿಸಿದರು. ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ. ವೈದ್ಯರಿಗೆ ತಿಳಿಸದೆ ತಿಂಗಳುಗಟ್ಟಲೆ ಏನನ್ನೂ ಕುಡಿಯಬೇಡಿ ಎಂಬುದು ನನ್ನ ಅಭಿಪ್ರಾಯ.

ಕೇಂದ್ರ ಆರೋಗ್ಯ ಸಚಿವಾಲಯ 2021ರ ಫೆಬ್ರವರಿಯಲ್ಲಿ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರುಗಳ ಜೊತೆ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು, 2024ರ ಸೆಪ್ಟೆಂಬರಿನಲ್ಲಿ ಪರಿಷ್ಕೃತ ಮಾರ್ಗಸೂಚಿಯನ್ನೂ ತಂದಿತು. ಸರ್ಕಾರ ಕಾಗದದಲ್ಲಿ ಒಪ್ಪಿಕೊಂಡದ್ದನ್ನು ಮನೆಯೊಳಕ್ಕೆ ತರುವವರು ನಾವೇ. ನಮ್ಮ ಈ ಊರುಗಳಲ್ಲಿ ಕನ್ನಡ ಸಂಘಗಳಿಗೆ ಕೊರತೆಯಿಲ್ಲ. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯವನ್ನೇ ಕಟ್ಟಿ ನಡೆಸಿದೆ. ಥಾಣೆ, ಕಲ್ಯಾಣ, ನವಿ ಮುಂಬಯಿಯ ಸಂಘಗಳು, ಜಾತಿ ಸಂಘಗಳು, ಭಜನಾ ಮಂಡಳಿಗಳು ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ಮಾಡುತ್ತವೆ. ಅಲ್ಲಿ ರಕ್ತದೊತ್ತಡ ನೋಡುತ್ತಾರೆ, ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ, ಕಣ್ಣು ನೋಡುತ್ತಾರೆ. ಸೊಂಟ ಅಳೆಯುವುದನ್ನು ನಾನು ಹೆಚ್ಚು ಕಡೆ ಕಂಡಿಲ್ಲ.

ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ಬೇಡಿಕೆ ಒಂದೇ. ಮುಂದಿನ ಶಿಬಿರದ ಮೇಜಿನ ಮೇಲೆ ದರ್ಜಿಯ ಟೇಪು ಒಂದನ್ನು ಇಡಿ. ಹೆಂಗಸರನ್ನು ಅಳೆಯಲು ಹೆಂಗಸರನ್ನೇ ಕೂರಿಸಿ. ಗೋಡೆಯ ಮೇಲೆ ಗಂಡಸರಿಗೆ 90, ಹೆಂಗಸರಿಗೆ 80 ಎಂದು ದಪ್ಪ ಅಕ್ಷರದಲ್ಲಿ ಬರೆಸಿ. ಬರುವವರಿಗೆ, ಕಪಾಟಿನಲ್ಲಿರುವ ಹಳೆಯ ಸೋನೋಗ್ರಫಿ ವರದಿಯನ್ನೂ ಜೊತೆಗೆ ತನ್ನಿ ಎಂದು ಮೊದಲೇ ಹೇಳಿ ಕಳಿಸಿ. ಅದರ ಕೊನೆಯ ಸಾಲನ್ನು ಯಾರಾದರೂ ಒಬ್ಬರು ಅವರಿಗೆ ಓದಿ ಹೇಳಲಿ.